ಐಸ್ ಕೋಣೆಯ ಸರದಿ

ಹಿಮದ ಬೆಟ್ಟದ ಕಡೆಯಿಂದ ಬಂದವರನ್ನೆಲ್ಲ ನಮ್ಮೂರಿನಲ್ಲಿ ಕರಡಿ ಎನ್ನುತ್ತಾರೆ. ತಗ್ಗು ನೆಲದ ನಾವು ಅವರ ಬಾಯಲ್ಲಿ ಕಪ್ಪೆಗಳು. ನಮ್ಮ ಮೀನಿನ ಗೋದಾಮಿನಲ್ಲಿ ಇದ್ದದ್ದು ಒಬ್ಬನೇ ಕರಡಿ. ಏಳು ವರ್ಷ ಅವನು ನನ್ನನ್ನು ಕಪ್ಪೆಯಕ್ಕ ಎಂದು ಕೂಗಿದ, ನಾನು ಅವನನ್ನು ಕರಡಿ ಎಂದೆ. ಇಬ್ಬರದೂ ಏನೂ ಸವೆಯಲಿಲ್ಲ.

ಮ್ಯಾನೇಜರ್ ಮಾತ್ರ ಆ ಹೆಸರನ್ನು ಪಾಳಿಪಟ್ಟಿಗೆ ಇಳಿಸಿಬಿಟ್ಟ. ಐಸ್ ಕೋಣೆಯ ಕೆಲಸ ಮೊದಲು ವಾರಕ್ಕೊಬ್ಬರ ಸರದಿಯದಾಗಿತ್ತು. "ಕರಡಿಗೆಂಥ ಚಳಿ?" ಎಂದು ನಕ್ಕು, ಏಳು ವರ್ಷವೂ ಅವನನ್ನೇ ಒಳಗೆ ತಳ್ಳಿದ. ನಾವೂ ನಕ್ಕೆವು. ನಮ್ಮ ಸರದಿ ತಪ್ಪುತ್ತಿತ್ತಲ್ಲ.

ಈ ವರ್ಷ ಅವನ ಎರಡು ಬೆರಳು ಮರದ ಕಡ್ಡಿಯಂತಾದವು. ಇನ್ನೊಂದು ತಿಂಗಳು ಐಸಿನಲ್ಲಿ ಕೈಯಿಟ್ಟರೆ ಕತ್ತರಿಸಬೇಕಾದೀತು ಎಂದು ಡಾಕ್ಟರು ಬರೆದುಕೊಟ್ಟರು. ಚೀಟಿ ಹಿಡಿದು ಹೊರಟವನ ಜೊತೆ ನಾನೂ ಹೋದೆ.

ಮ್ಯಾನೇಜರ್ ಆಗಷ್ಟೇ ಮುಖ್ಯ ಕಚೇರಿಯ ತರಬೇತಿ ಮುಗಿಸಿ, ಹೊಸ ಜ್ಞಾನದಿಂದ ಹೊಟ್ಟೆಯುಬ್ಬಿಸಿಕೊಂಡು ಬಂದಿದ್ದ. ಯಾರನ್ನೂ ಜನಾಂಗ, ಸೀಮೆ ಹಿಡಿದು ಅಡ್ಡಹೆಸರಿನಿಂದ ಕರೆಯಕೂಡದು ಎಂದು ಗೋಡೆಗೆ ನೋಟಿಸು ಅಂಟಿಸಿದ್ದ.

"ಕರಡಿ ಕೈ ನೋಡಿ ಸಾರ್," ಎಂದೆ.

"ಶ್ಶ್! ಏನಮ್ಮಾ, ನೋಟಿಸ್ ಓದಿಲ್ವಾ? ಅವರಿಗೆಷ್ಟು ಅವಮಾನ!" ಎಂದ. ಹೋದ ವಾರದವರೆಗೆ 'ಲೋ ಕರಡಿ' ಎನ್ನುತ್ತಿದ್ದ ಬಾಯಿ ಅದು.

"ಅಕ್ಕ ಕರದ್ರೆ ನಂಗೇನೂ ಅವಮಾನ ಇಲ್ಲ ಸಾರ್. ಬೆರಳು ನೋಡಿ," ಎಂದ ಕರಡಿ.

ಬೆರಳು ನೋಡಲು ಆ ಮಹಾನುಭಾವನಿಗೆ ಪುರುಸೊತ್ತಿರಲಿಲ್ಲ. "ಕೂತ್ಕೊಳ್ಳಿ ಸ್ವಾಮಿ. ನಿಮ್ಮ ಸಂಸ್ಕೃತಿ ಮೇಲೆ ನಮಗೆ ಬಹಳ ಗೌರವ. ಚಳಿ ತಡ್ಕೊಳ್ಳೋ ಶಕ್ತಿ ನಿಮ್ಮ ಜನರ ರಕ್ತದಲ್ಲೇ ಇದೆ. ಅದಕ್ಕೇ ಒಳಗಿನ ಕೆಲಸಕ್ಕೆ ನಿಮ್ಮಂಥವರೇ ಬೇಕು."

ಕೊಳೆತ ಮೀನಿಗೆ ಹೊಸ ಕಾಗದ ಸುತ್ತಿ ಕೊಟ್ಟಿದ್ದ.

"ನಿಮ್ಮ ಗೌರವಕ್ಕಿಷ್ಟು ಬೆಂಕಿ ಹಾಕ! ಸರದಿ ಹಾಕಿ ಸಾರ್," ಎಂದೆ.

"ಉಳಿದವರು ಒಪ್ಪಬೇಕಲ್ಲಮ್ಮ," ಎಂದು ಹಲ್ಲು ಕಿರಿದ.

ಒಪ್ಪುವುದಿಲ್ಲ ಎಂಬ ಧೈರ್ಯ ಅವನಿಗಿತ್ತು. ನಮ್ಮನ್ನು ಅವನು ಚೆನ್ನಾಗಿಯೇ ಅಳೆದಿದ್ದ. ಪ್ಯಾಕಿಂಗ್ ಮೇಜಿಗೆ ಬಂದು ವಿಷಯ ಹೇಳಿದಾಗ ಹದಿನಾಲ್ಕು ತಲೆಗಳು ಡಬ್ಬದೊಳಗೇ ಬಗ್ಗಿದವು.

"ಏಳು ವರ್ಷ ಅವನ ಮೈನೇ ಸೌದೆ ಮಾಡ್ಕೊಂಡು ನಾವು ಬೆಚ್ಚಗಿದ್ವಿ ಕಣ್ರೇ," ಎಂದು ಹೇಳಿ, ಕರಡಿಯ ದಪ್ಪ ಕೋಟು ತೊಟ್ಟು ನಾನೇ ಒಳಗೆ ಹೋದೆ. ಆ ವಾರ ಮೂಗು ಮೂಗಿನ ಜಾಗದಲ್ಲಿ ಇತ್ತೋ ಇಲ್ಲವೋ ತಿಳಿಯಲಿಲ್ಲ. ಮುಂದಿನ ಸೋಮವಾರ ಲೇಬಲ್ ಅಂಟಿಸುವ, ನಾವೆಲ್ಲ ಅತ್ತಿಗೆ ಎಂದು ಕರೆಯುವ ಹೆಂಗಸು, "ನನ್ನ ಮಂಡಿ ಹೋದ್ರೆ ನೀನೇ ಹೊರಬೇಕು ನೋಡು," ಎಂದು ಗೊಣಗುತ್ತಲೇ ಕೋಟಿಗೆ ಕೈಚಾಚಿದಳು. ಅವಳ ಹಿಂದೆ ಇನ್ನೊಬ್ಬಳು.

ಸರದಿ ಪದ್ಧತಿ ತನ್ನದೇ ಯೋಜನೆ ಎಂದು ಮ್ಯಾನೇಜರ್ ಮುಖ್ಯ ಕಚೇರಿಗೆ ಬರೆದು ಶಭಾಷ್ ಎನಿಸಿಕೊಂಡ. ಎನಿಸಿಕೊಳ್ಳಲಿ, ನಾಚಿಕೆಗೆಟ್ಟವನಿಗೆ ಊರೆಲ್ಲ ತನ್ನದೇ. ಕರಡಿಯ ಬೆರಳು ಉಳಿದವು, ಮಡಚಲು ಮಾತ್ರ ಬರುವುದಿಲ್ಲ. ಈಗ ಅವನ ಕೆಲಸ ಲೇಬಲ್ ಮೇಜಿನಲ್ಲಿ. ಲೇಬಲ್ಲುಗಳನ್ನು ಅತ್ತಿಗೆ ಬಿಡಿಸಿ ಕೊಡುತ್ತಾಳೆ, ಅವನು ಅಂಗೈಯಿಂದ ಡಬ್ಬಕ್ಕೆ ಒತ್ತುತ್ತಾನೆ.