ಅಣ್ಣನ ಕೊನೆಯ ಮಾತು

ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬರೆಯುತ್ತಿದ್ದಾರೆ ನಮ್ಮ ಚರ್ಚಿನ ಹೊಸ ಸಭಾಪಾಲಕರು, ಎಳೆ ಮಕ್ಕಳ ಅಭ್ಯಾಸ, ಅಣ್ಣ ನೋಡಿದ್ದರೆ ಬೈಯುತ್ತಿದ್ದ, ಅಣ್ಣ ನೋಡುತ್ತಿಲ್ಲ, ಎರಡು ಮಾರು ಆಚೆ ಆಸ್ಪತ್ರೆಯ ಮಂಚದ ಮೇಲಿದ್ದಾನೆ, ಹೋಗಿ ಕಾಲು ಗಂಟೆಯಾಗಿಲ್ಲ, ಕಣ್ಣನ್ನು ನಾನೇ ಮುಚ್ಚಿದೆ, ಬಾಯಿ ಮಾತ್ರ ಮುಚ್ಚಲಾಗಲಿಲ್ಲ, ತೆರೆದೇ ಇದೆ, ಕಟ್ತೀನಿ ಇರಿ ಅಂದು ಹೋದ ನರ್ಸ್ ಇನ್ನೂ ಬಂದಿಲ್ಲ — ನಾಳೆ ಸಮಾಧಿ ಹೊತ್ತಿಗೆ ಓದ್ಬೇಕಲ್ಲಮ್ಮ, ಅಂದರು ಸಭಾಪಾಲಕರು, ನಲವತ್ತು ವರ್ಷ ಈ ಸಭೆ ನಡೆಸಿದವರು, ಜನ ಕೇಳ್ತಾರೆ, ಕೊನೇಲಿ ಏನಂದ್ರು? ಅತ್ತಿಗೆ ಟೀ ತರಲು ಕೆಳಗೆ ಹೋಗಿದ್ದಳು, ಅವನ ಹತ್ತಿರ ಇದ್ದವಳು ನಾನೊಬ್ಬಳೇ, ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಕೂತು ಊರವರ ಸಾಕ್ಷ್ಯವನ್ನೆಲ್ಲ ಟೈಪು ಮಾಡಿದವಳು, ಈಗ ಸಾಕ್ಷಿಕಟ್ಟೆ ನನ್ನ ಪಾಲಿಗೇ ಬಂತು.

ಏನಂದ? ಅನ್ನಲಿಲ್ಲ, ಕೇಳಿದ. ಯೇಸುವಿನ ಸಮಾಧಿ ಬಾಗಿಲಿಂದ ಆ ಕಲ್ಲು ನಿಜಕ್ಕೂ ಸರಿದಿತ್ತೇನೇ? ಒಂದು ತಿಂಗಳಿಂದ ಇದೊಂದೇ ಪ್ರಶ್ನೆ, ಎಲ್ಲ ಆ ಹಾಳು ಪುಸ್ತಕದಿಂದ, ಯಾರೋ ಪ್ರೊಫೆಸರರದ್ದು, ಖಂಡಿಸಿ ಉಪದೇಶ ಮಾಡುತ್ತೇನೆಂದು ತರಿಸಿಕೊಂಡ, ಖಂಡಿಸಲು ಹೋದವನು ತಾನೇ ಸಿಕ್ಕಿಬಿದ್ದ — ಯೇಸು ಸತ್ತು ಎದ್ದ ಸಂಗತಿ ಕಣ್ಣಾರೆ ಕಂಡವರು ಬರೆದದ್ದಲ್ಲವಂತೆ, ನಲವತ್ತು ವರ್ಷ ಬಾಯಿಂದ ಬಾಯಿಗೆ ಬೆಳೀತಂತೆ, ಬರೆದ ನಾಲ್ವರಲ್ಲೇ ಒಬ್ಬ ಸಮಾಧಿ ಹತ್ರ ಒಬ್ಬನೇ ದೇವದೂತ ಅಂತಾನೆ, ಇನ್ನೊಬ್ಬ ಇಬ್ಬರು ಅಂತಾನೆ, ನಿನ್ನ ಅತ್ತಿಗೆ ಕಿವಿಗೆ ಹಾಕ್ಬೇಡ ಮಾರಾಯ್ತಿ. ನಾನು ಬಿಡುತ್ತೇನೆಯೇ, ಹೆಚ್ಚುಕಮ್ಮಿ ಇರೋದೇ ಸತ್ಯದ ಗುರುತು ಕಣಣ್ಣ, ನಾಲ್ಕು ಸಾಕ್ಷಿ ಒಂದೇ ಗಿಣಿಪಾಠ ಒಪ್ಪಿಸಿದ್ರೆ ನಮ್ಮ ಜಡ್ಜು ಕನ್ನಡಕ ತೆಗೆದು ವಕೀಲರ ಮುಖ ನೋಡ್ತಿದ್ರು, ಯಾರು ಹೇಳಿಕೊಟ್ಟದ್ದಪ್ಪ ಅಂತ, ಅದೂ ಅಲ್ದೆ ಕಟ್ಟುಕಥೆಯಾಗಿದ್ರೆ ಖಾಲಿ ಸಮಾಧಿ ಮೊದಲು ನೋಡಿದವರು ಹೆಂಗಸರು ಅಂತ ಯಾಕೆ ಬರೀತಿದ್ರು, ಆ ಕಾಲದಲ್ಲಿ ಹೆಂಗಸರ ಮಾತಿಗೆ ಮೂರು ಕಾಸಿನ ಬೆಲೆ ಇತ್ತಾ? ಈಗ ನಿನ್ನ ಮಾತಿಗೆ ಎಷ್ಟಿದೆಯೇ ಟೈಪಿಸ್ಟಮ್ಮ, ಅಂದು ನಗುತ್ತಿದ್ದ, ಆ ನಗುವಿನಲ್ಲಿ ಒಂದು ದಿನ ಕಳೆಯುತ್ತಿತ್ತು, ಮರುದಿನ ಮತ್ತೆ ಅದೇ. ಇವತ್ತೂ ಕೇಳಿದ, ಇವತ್ತೂ ಶುರು ಮಾಡಿದೆ, ನಾಲ್ಕು ಸಾಕ್ಷಿ, ಜಡ್ಜು, ಕನ್ನಡಕ, ಹೆಂಗಸರ ತನಕ ಬಂದಾಗ ಎದೆ ಏರುವುದು ನಿಂತಿತ್ತು, ಎಲ್ಲಿಯ ತನಕ ಕೇಳಿಸಿಕೊಂಡನೋ ಗೊತ್ತಿಲ್ಲ, ಗೊತ್ತಾಗದೆ ಇನ್ನಷ್ಟು ಹೊತ್ತು ನಾನು ಸತ್ತವನಿಗೆ ವಾದ ಮಾಡುತ್ತಲೇ ಇದ್ದೆ, ದೇವರೇ, ಆ ತೆರೆದ ಬಾಯಿಗೆ.

ಅಷ್ಟರಲ್ಲಿ ಅತ್ತಿಗೆ, ಎರಡು ಕೈಯಲ್ಲಿ ಎರಡು ಲೋಟ, ಅಳಲಿಲ್ಲ, ಲೋಟ ಕೆಳಗಿಡಲೂ ಇಲ್ಲ, ಏನಾದ್ರೂ ಅಂದ್ರಾ, ಏನೂ ಅನ್ಲಿಲ್ವಾ — ಆ ಮುಖ ನೋಡಿ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ, ನಂಬಿದೀನಿ ಅಂದ ಅತ್ತಿಗೆ, ಅಷ್ಟೇ ಅಂದ. ಅಷ್ಟೇ ಅಂದಿದ್ದೆ. ಸಭಾಪಾಲಕರು ಬಂದರು, ಕೇಳಿದರು, ಅದನ್ನೇ ಮತ್ತೊಮ್ಮೆ ಅಂದೆ, ಈಗ ಬಾಯಿಂದ ಮುಚ್ಚಳ ತೆಗೆದು ಬರೆದದ್ದನ್ನು ಓದುತ್ತಾರೆ, ನಮ್ಮ ಹಿರಿಯ ಸಭಾಪಾಲಕರು ಬಲಗೈ ಮೇಲೆತ್ತಿ, ಸ್ಪಷ್ಟವಾದ ದನಿಯಲ್ಲಿ, ನಾನು ನಂಬಿದ್ದೇನೆ ಎಂದು ನುಡಿದರು. ಯಾವ ಕೈ? ವಾರದಿಂದ ಚಮಚ ಹಿಡಿಯಲಾಗದ ಕೈ ಅದು, ಇವರು ಸುಳ್ಳರಲ್ಲ, ಒಳ್ಳೆಯವರು, ಪೆನ್ನು ತಾನಾಗಿ ಹೋಗಿದೆ. ಅತ್ತಿಗೆ ತಲೆಯಾಡಿಸುತ್ತಾಳೆ, ಹೌದು ಅಯ್ಯನವರೇ, ನಂಗೂ ಮೆಟ್ಟಿಲ ಹತ್ರ ಕೇಳಿಸ್ತು, ಎಷ್ಟು ಗಟ್ಟಿ ದನಿ! ಎರಡು ಮಹಡಿ ಕೆಳಗಿದ್ದಳು. ಇಬ್ಬರು ಸಾಕ್ಷಿಗಳು, ಇಬ್ಬರೂ ಹೆಂಗಸರು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಮಾತು ಬೆಳೆಯಲು ನಲವತ್ತು ವರ್ಷ ಬೇಕಾಗಲಿಲ್ಲ ಅಣ್ಣಾ, ಟೀ ಇನ್ನೂ ಆರಿಲ್ಲ.

ಸರಿ ಇದೆಯಾಮ್ಮ? ಕೋರ್ಟಿನಲ್ಲೂ ಹೀಗೇ, ಟೈಪಾದದ್ದನ್ನು ಸಾಕ್ಷಿಗೆ ಓದಿ ಹೇಳಬೇಕು, ತಪ್ಪಿದ್ದರೆ ಅಲ್ಲೇ ಹೇಳಬೇಕು, ಆಮೇಲೆ ದೇವರೇ ಬಂದರೂ ತಿದ್ದುವಂತಿಲ್ಲ, ಇಲ್ಲ ಅನ್ನು, ಅವನು ಪ್ರಶ್ನೆ ಕೇಳುತ್ತಾ ಹೋದ ಅನ್ನು, ಅಂದರೆ ಅತ್ತಿಗೆಗೆ ಇನ್ನುಳಿದ ದಿನಗಳಿಗೆ ಏನಿದೆ, ಅನ್ನದಿದ್ದರೆ ಆ ಬೆಳಗ್ಗೆ ಖಾಲಿ ಸಮಾಧಿ ಕಂಡ ಹೆಂಗಸರು, ನಾನು ಇಷ್ಟು ವರ್ಷ ಕಣ್ಣುಮುಚ್ಚಿ ನಂಬಿದ ಆ ಹೆಂಗಸರು, ಅವರ ಎದುರಿಗೂ ಯಾರದೋ ಮುಖ ಹೀಗೇ ಇತ್ತೇನೋ — ಭಯವಾಗುತ್ತಿದೆ, ನನಗೆ ನಿಜಕ್ಕೂ ಭಯವಾಗುತ್ತಿದೆ, ಸರಿ ಇದೆ ಅಂದೆ, ಅಂದುಬಿಟ್ಟೆ, ಅವರು ನೋಟುಪುಸ್ತಕ ಮಡಚಿದರು, ನರ್ಸ್ ಬಂದಳು, ಕೈಯಲ್ಲಿ ಬಿಳಿ ಪಟ್ಟಿ, ಗದ್ದದ ಕೆಳಗಿಂದ ನೆತ್ತಿಗೆ ಸುತ್ತುತ್ತಾಳೆ, ತಡಿಯಮ್ಮ, ಒಂದು ನಿಮಿಷ, ಅವನಿನ್ನೂ ಕೇಳ್ತಿದ್ದಾನೆ, ಬಾಯಿ, ಅಣ್ಣನ ಬಾಯಿ, ತೆರೆದ ಬಾಯಿ —