ಎತ್ತಬಾರದ ಹೆಸರು

“ಮೊದ್ಲು ಏನಾದ್ರೂ ದೊಡ್ಡ ಕಾಯಿಲೆ ಆಗಿತ್ತಾ ಅಮ್ಮಾ?” ಎಂದು ಡಾಕ್ಟರು ಕೇಳಿದ್ದು ಕೃಷ್ಣಮ್ಮನನ್ನು. ಉತ್ತರ ಕೊಟ್ಟವನು ಗಂಡ ಚಿಕ್ಕಬೈರಪ್ಪ.

“ಏನೂ ಇಲ್ಲ ಮೇಡಂ. ಮೆಟ್ಲು ಅತ್ತಿದ್ರೆ ಏದುಸ್ರು ಬತ್ತದೆ, ಅಷ್ಟೆ. ವಯಸ್ಸಾತಲ್ಲ.”

ಕೃಷ್ಣಮ್ಮ ನೆಲ ನೋಡಿದಳು. ಬಾಗಲೂರಿನಿಂದ ಹೆಬ್ಬಾಳದ ಈ ಹೃದಯದ ಆಸ್ಪತ್ರೆಗೆ ಬರುವಾಗ ದಾರಿಯುದ್ದಕ್ಕೂ ಅವನದು ಒಂದೇ ಮಾತು: “ಅದ್ರ ಎಸ್ರು ಮಾತ್ರ ಎತ್ಬೇಡ.”

ಅದು ಎಂದರೆ ಹನ್ನೆರಡು ವರ್ಷದ ಹಿಂದೆ ಅವಳ ಎಡ ಎದೆಗೆ ಬಂದಿದ್ದ ಕ್ಯಾನ್ಸರು. ಗಡ್ಡೆ ತೆಗೆಸಿ, ಊರವರು ಕರೆಂಟು ಎನ್ನುವ ರೇಡಿಯೇಷನ್ ಕೊಡಿಸಿ, ಅವಳು ಉಳಿದುಕೊಂಡ ಮೇಲೆ ಚಿಕ್ಕಬೈರಪ್ಪ ಮುನೇಶ್ವರನಿಗೆ ಕುರಿ ಕಡಿದು ಊರಿಗೆಲ್ಲ ಊಟ ಹಾಕಿದ್ದ. ಹರಕೆ ತೀರಿದ ರೋಗದ ಹೆಸರು ಎತ್ತಬಾರದು, ಎತ್ತಿದರೆ ಕರೆದ ಹಾಗೆ ಎಂದು ಪೂಜಾರಿ ಕದಿರಪ್ಪ ಅಂದು ಹೇಳಿದ್ದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಹೊತ್ತು ಮುಳುಗಿದ ಮೇಲೆ ಹಾವನ್ನು ಹುಳ ಎನ್ನುವ ಮನೆ ಅದು. ಆಪರೇಷನ್ ಆದ ಆಸ್ಪತ್ರೆಯವರು, ಎಡಗಡೆಗೆ ಕರೆಂಟು ಕೊಡಿಸಿಕೊಂಡವರು ಹೃದಯ ತೋರಿಸಿಕೊಳ್ಳಬೇಕು ಬನ್ನಿ ಎಂದು ವರ್ಷವರ್ಷವೂ ಫೋನು ಮಾಡುತ್ತಿದ್ದರು. ಇವನು ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದ. ಸಾಲು ಬಾಡಿಗೆಮನೆ ಕಟ್ಟಿಸಿ ಊರಿಗೇ ಬುದ್ಧಿ ಹೇಳುವ ಮನುಷ್ಯ. ಹೆಂಡತಿಯ ವಿಷಯ ಬಂದರೆ ಮಗುವಿಗಿಂತ ಕಡೆ. ಎಷ್ಟು ಪ್ರೀತಿಯೋ ಅಷ್ಟೇ ಹೆದರಿಕೆ.

ಹೃದಯದ ಎಕೋ ಸ್ಕ್ಯಾನ್ ಮಾಡಲು ಡಾಕ್ಟರು ಕೃಷ್ಣಮ್ಮನನ್ನು ಪರದೆಯ ಆಚೆ ಮಲಗಿಸಿದರು. ಸೆರಗು ಸರಿಸಿದಾಗ ಹಳೆಯ ಗಾಯದ ಕಲೆಯೂ ಅದರ ಸುತ್ತ ಸಾಸಿವೆಯಷ್ಟು ನೀಲಿ ಚುಕ್ಕೆಗಳೂ ಕಂಡವು. ಕರೆಂಟು ಬೀಳಬೇಕಾದ ಜಾಗಕ್ಕೆ ಗುರುತಾಗಿ ಆಗ ಹಾಕಿದ್ದ ಹಚ್ಚೆ.

“ರೇಡಿಯೇಷನ್ ಆಗಿದೆ ಅಲ್ವಾ ಅಮ್ಮಾ? ಯಾಕೆ ಮುಚ್ಚಿಟ್ರಿ?”

ಪರದೆಯ ಈಚೆಯಿಂದ ಚಿಕ್ಕಬೈರಪ್ಪ ಕೆಮ್ಮಿದ. ಅದು ಬೇಡ ಎನ್ನುವ ಕೆಮ್ಮೆಂದು ಇಷ್ಟು ಕಾಲ ಬಾಳಿದವಳಿಗೆ ಗೊತ್ತಾಗದೆ ಇರುತ್ತದೆಯೇ. ಆದರೆ ಮಲಗಿದರೆ ಉಸಿರು ಕಟ್ಟುತ್ತದೆಂದು ತಿಂಗಳುಗಟ್ಟಲೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದವಳು ಅವಳು. ಅವಳಿಗೆ ಸಾಕಾಗಿತ್ತು.

“ಕ್ಯಾನ್ಸರ್ ಆಗಿತ್ತು ಕಣಮ್ಮ,” ಎಂದಳು. “ನಮ್ಮೆಜಮಾನ್ರು ಎದ್ರಿಕೋತಾರೆ. ಅದ್ಕೇ ಯೋಳ್ನಿಲ್ಲ.”

ಈಚೆ ಕಡೆ ಚಿಕ್ಕಬೈರಪ್ಪ ಮುನೇಶ್ವರನಿಗೆ ಕೈಮುಗಿದ.

ಪರೀಕ್ಷೆ ಮುಗಿಸಿ ಡಾಕ್ಟರು ಇಬ್ಬರನ್ನೂ ಎದುರು ಕೂರಿಸಿಕೊಂಡರು. “ಆ ಕರೆಂಟಿಂದಾನೇ ಇವರ ಜೀವ ಉಳಿದಿದ್ದು. ಆದ್ರೆ ಪಕ್ಕದಲ್ಲೇ ಹಾರ್ಟ್ ಇತ್ತಲ್ಲ, ಅದಕ್ಕೂ ತಗುಲಿದೆ. ಒಂದು ವಾಲ್ವ್ ಗಟ್ಟಿಯಾಗಿದೆ, ರಕ್ತನಾಳಾನೂ ನೋಡ್ಬೇಕು. ವರ್ಷವರ್ಷ ತೋರಿಸಿದ್ರೆ ಮೊದಲೇ ಸಿಗ್ತಿತ್ತು.”

“ವಾಸಿ ಆಯ್ತದಾ ಮೇಡಂ?”

“ಈಗ್ಲೇ ಹೇಳಕ್ಕಾಗಲ್ಲ. ಆಗ ಎಷ್ಟು ಕರೆಂಟು ಕೊಟ್ಟಿದ್ರು ಅಂತ ಬೇಕು. ಆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.”

ಹೊರಗಿನ ಬೆಂಚಿನ ಮೇಲೆ ಕೂತು ಚಿಕ್ಕಬೈರಪ್ಪ ಫೋನು ತೆಗೆದ. ಆ ನಂಬರು ಅದರಲ್ಲೇ ಇತ್ತು. ಕರೆ ಬಂದೊಡನೆ ಗುರುತು ಹಿಡಿದು ರಾಂಗ್ ನಂಬರ್ ಎನ್ನಲೆಂದೇ ಇಟ್ಟುಕೊಂಡಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಹೆಂಡತಿ ಒಂದು ಸಲ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

“ಪೇಷಂಟಿಗೆ ಏನಾಗಿತ್ತು ಸಾರ್?” ಎಂದು ಆ ಕಡೆಯ ಹುಡುಗಿ ಕೇಳಿದಳು.

“ಎದೇಲಿ ಗಡ್ಡೆ.”

“ಎಂಥ ಗಡ್ಡೆ ಸಾರ್? ಯಾವ ಡಿಪಾರ್ಟ್‌ಮೆಂಟಿಗೆ ಕೊಡ್ಲಿ?”

ಅವನು ಫೋನನ್ನು ಹೆಂಡತಿಯ ಕಡೆ ಚಾಚಿದ.

“ಯೋಳ್ಬಿಡಿ,” ಎಂದಳು ಕೃಷ್ಣಮ್ಮ. “ನಾನಾಗ್ಲೇ ಯೋಳಾಯ್ತಲ್ಲ.”

“ಕ್ಯಾನ್ಸರ್,” ಎಂದ ಚಿಕ್ಕಬೈರಪ್ಪ. ಅಂದವನೇ ಗಕ್ಕನೆ ತಿರುಗಿ ನೋಡಿದ.

ಕೃಷ್ಣಮ್ಮ ಅಲ್ಲೇ ಇದ್ದಳು. ಏದುಸಿರು ಬಿಡುತ್ತಲೇ ಚೀಲದಿಂದ ಬಾಳೆಹಣ್ಣು ತೆಗೆದು ಸುಲಿಯುತ್ತಿದ್ದಳು. ಆ ಹುಡುಗಿ ಇನ್ನೂ ಏನೇನೋ ಕೇಳಿದಳು, ಅವನು ಎಲ್ಲವನ್ನೂ ಹೇಳಿದ. ಮಾತು ಮುಗಿಯುವ ತನಕ ಹೆಂಡತಿಯ ಸೆರಗಿನ ತುದಿ ಅವನ ಮುಷ್ಟಿಯಲ್ಲೇ ಇತ್ತು.