ಗೇರು ಬಿಟ್ಟವರಿಗೆ ನಾನಿಲ್ಲ

ನಾನು ಒಂದು ಎಕ್ಸಾಸ್ಟ್ ಬ್ರೇಕು. ಹೆಸರು ಕೇಳಿ ನನ್ನನ್ನು ಚಕ್ರದ ಹತ್ತಿರ ಹುಡುಕಬೇಡಿ. ನನ್ನ ಜಾಗ ಗಾಡಿಯ ಹೊಟ್ಟೆಯಡಿ, ಹೊಗೆ ಕೊಳವೆಯ ನಡುವೆ. ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ ಕೆಂಪಗೆ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ನಾನು ಹುಟ್ಟಿದೆ. ಅಂಗೈಯಗಲದ ಒಂದು ಬಳೆ, ಅದರೊಳಗೆ ತಿರುಗುವ ಒಂದು ತಟ್ಟೆ, ಪಕ್ಕದಲ್ಲಿ ಅದನ್ನು ಎಳೆಯುವ ಪುಟ್ಟ ಡಬ್ಬಿ. ಇಷ್ಟೇ ನನ್ನ ಶರೀರ. ಚಾಲಕ ಸ್ವಿಚ್ ಒತ್ತಿದರೆ ತಟ್ಟೆ ಅಡ್ಡ ತಿರುಗಿ ಹೊಗೆಯ ದಾರಿ ಮುಚ್ಚುತ್ತದೆ. ಇಂಜಿನ್ನಿಗೆ ಉಸಿರು ಬಿಗಿಯುತ್ತದೆ, ಆ ಬಿಗಿತ ಗೇರಿನ ಮೂಲಕ ಚಕ್ರಕ್ಕೆ ಮುಟ್ಟಿ ಗಾಡಿ ನಿಧಾನವಾಗುತ್ತದೆ. ಗೇರಿನ ಮೂಲಕ ಎಂದೆ, ನೆನಪಿರಲಿ.

ನನ್ನನ್ನು ಮೊದಲು ಕೊಂಡವರು ಒಂದು ಯಾತ್ರೆಯ ಮಿನಿ ಬಸ್ಸಿನವರು. ನಾನು ಕೆಲಸ ಮಾಡುವಾಗ ಬುಸ್ಸೆಂದು ಸದ್ದಾಗುತ್ತದೆ. ಪ್ರಯಾಣಿಕರು ಟೈರಿನ ಗಾಳಿ ಹೋಯಿತೆಂದು ಎದ್ದು ನಿಲ್ಲುತ್ತಿದ್ದರು. ಬೇಸತ್ತ ಮಾಲೀಕ ನನ್ನ ವೈರು ಕತ್ತರಿಸಿಬಿಟ್ಟ. ಆರು ವರ್ಷ ಕೈಕಟ್ಟಿ ಕೂತು ಬರೀ ಮಸಿ ತಿಂದೆ. ಬಸ್ಸು ಗುಜರಿಗೆ ಹೋದಾಗ ಖಾನಾಪುರದ ಗ್ಯಾರೇಜಿನ ದಾವಲಸಾಬ್ ಮಿಸ್ತ್ರಿ ನನ್ನನ್ನು ಬಿಚ್ಚಿ ತಂದ. ಡೀಸೆಲ್ಲಿನಲ್ಲಿ ತೊಳೆದು, ಎಣ್ಣೆ ಸವರಿ, ಗೂಡಿನಲ್ಲಿಟ್ಟ. ಅಷ್ಟು ವರ್ಷಗಳಲ್ಲಿ ನನ್ನ ಮೈ ಮುಟ್ಟಿ ವಿಚಾರಿಸಿದವನು ಅವನೊಬ್ಬನೇ.

ಆ ಗ್ಯಾರೇಜಿಗೆ ಒಂದು ಮಧ್ಯಾಹ್ನ ಪುಂಡಲೀಕ ಕುಂಬಾರ ಬಂದ. ಐವತ್ತು ದಾಟಿದ ಆಸಾಮಿ. ಅವನೂ ಹೆಂಡತಿ ಸೇವಂತವ್ವನೂ ಮಾಡಿದ ಗಡಿಗೆ, ಹೂಕುಂಡಗಳನ್ನು ಹುಲ್ಲಿನಲ್ಲಿ ಹುದುಗಿಸಿ, ತಮ್ಮ ಡೀಸೆಲ್ ಪಿಕಪ್ಪಿನಲ್ಲಿ ಚೋರ್ಲಾ ಘಾಟ್ ಇಳಿಸಿ ಗೋವೆಯ ಅಂಗಡಿಗಳಿಗೆ ಕೊಡುತ್ತಿದ್ದರು. ಮೂರು ತಿಂಗಳ ಹಿಂದೆ ಅದೇ ಘಾಟಿನಲ್ಲಿ ಬ್ರೇಕು ಕಾದು ಹೊಗೆಯಾಡಿ, ಪೆಡಲು ನೆಲ ಮುಟ್ಟಿ, ಅವನು ಗಾಡಿಯನ್ನು ಗುಡ್ಡದ ಬದಿಯ ಚರಂಡಿಗೆ ನುಗ್ಗಿಸಿ ನಿಲ್ಲಿಸಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೇರಿದ್ದೆಲ್ಲ ಚೂರುಚೂರು. ಪಕ್ಕದಲ್ಲಿ ಕುಳಿತಿದ್ದ ಸೇವಂತವ್ವನ ಬಲಗೈ ಮಣಿಕಟ್ಟಿನಲ್ಲಿ ಮುರಿಯಿತು. ಗಡಿಗೆ ತಟ್ಟುವ ಕೈ ಅದು. ಮೂಳೆ ಕೂಡಿತು, ಆದರೆ ಗಾಡಿ ಮಾರಿಬಿಡಿ ಎಂದು ಅವಳು ಹಟ ಹಿಡಿದಳು. ಗಾಡಿ ಹೋದರೆ ಗೋವೆಯ ಗಿರಾಕಿ ಹೋದ ಹಾಗೆ. ಊರಿನಲ್ಲಿ ಪ್ಲಾಸ್ಟಿಕ್ ಕೊಡದ ಮುಂದೆ ಗಡಿಗೆ ಕೇಳುವವರು ಯಾರು? ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಇನ್ನೊಂದು ಬ್ರೇಕು ಹಾಕಿಸಿಕೊಂಡು ಜೊತೆಯಾಗಿ ಒಂದು ಸಲ ಘಾಟ್ ಇಳಿಯುವುದು. ಅವಳ ಎದೆ ನಡುಗಿದರೆ ಮರುದಿನವೇ ಗಾಡಿ ಮಾರುವುದು.

ಪುಂಡಲೀಕ ಗೂಡಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬ್ರೇಕಿಗೆ ಬೆರಳು ತೋರಿಸಿದ. ಅದು ಲಾರಿಯದು. ದಾವಲಸಾಬ್ ನಕ್ಕು, ಪಿಕಪ್ಪಿನ ಅಡಿಗೆ ಹೋಗಿ ಕೊಳವೆಯ ಅಳತೆ ತೆಗೆದ. ಇಂಜಿನ್ ಎಷ್ಟು ವರ್ಷದ್ದು, ಎಷ್ಟು ಓಡಿದೆ ಎಂದೆಲ್ಲ ಕೇಳಿದ. ಆಮೇಲೆ ನನ್ನನ್ನು ಕೈಗೆತ್ತಿಕೊಂಡು ತಟ್ಟೆಯ ನಡುವಿನ ತೂತನ್ನು ತೋರಿಸಿದ. ಕಡಲೆಕಾಳಿನಷ್ಟು ತೂತು. ನನ್ನ ಮೈಯಲ್ಲೇ ಕೊರತೆಯೆಂದು ಅದರ ಬಗ್ಗೆ ನಾನು ಹುಟ್ಟಿದಾಗಿನಿಂದ ನಾಚಿಕೊಂಡಿದ್ದೆ.

"ಹೊಗಿ ಪೂರಾ ಕಟ್ಟಿದ್ರ ಇಂಜಿನ್ ಒಳಗ ವಾಲ್ವ್ ಕೆಡ್ತಾವ, ಪುಂಡಲೀಕಣ್ಣಾ. ಈ ತೂತಿನಿಂದ ಒಂದೀಟು ಹೊರಗ ಹೋಗಬೇಕು. ನಿನ್ನ ಹಳೇ ಗಾಡಿಗೆ ಇದ ಸರಿ," ಎಂದ. ನನಗೆ ಆ ಕ್ಷಣ ಹಿಗ್ಗೋ ಹಿಗ್ಗು.

ನಡುವೆ ಅವನು ಇಳುಕಲಿನಲ್ಲಿ ಯಾವ ಗೇರಿನಲ್ಲಿ ಬರುತ್ತೀ ಎಂದು ಕೇಳಿದ. ಎರಡನೆಯದರಲ್ಲಿ ಎಂದು ಪುಂಡಲೀಕ ತಟ್ಟನೆ ಹೇಳಿದ. ಅದು ಸುಳ್ಳು. ಅವನಿಗೆ ಗಾಡಿ ಕಲಿಸಿದ ಉಸ್ತಾದ, ಇಳುಕಲಿನಲ್ಲಿ ಡೀಸೆಲ್ ಸುಡುವವನು ಡ್ರೈವರನೇ ಅಲ್ಲ ಎಂದು ಕಲಿಸಿದ್ದ. ಹಾಗಾಗಿ ಮೂವತ್ತು ವರ್ಷದಿಂದ ಪುಂಡಲೀಕ ಘಾಟಿನ ತಲೆ ಮುಟ್ಟಿದ ಕೂಡಲೇ ಗೇರು ತೆಗೆದು ನ್ಯೂಟ್ರಲ್ ಮಾಡಿ, ಬರೀ ಬ್ರೇಕಿನ ಮೇಲೆ ಗಾಡಿ ಇಳಿಸುತ್ತಿದ್ದ. ಬ್ರೇಕು ಕಾಯದೆ ಏನು ಮಾಡೀತು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೆಂಡತಿಯ ಮುಂದೂ ಊರವರ ಮುಂದೂ ಅವನು ಬ್ರೇಕನ್ನೇ ದೂರಿದ್ದ.

ಮರುದಿನ ನನ್ನ ಜೋಡಣೆ ಆಯಿತು. ದಾವಲಸಾಬ್ ಹೊಗೆ ಕೊಳವೆ ಕೊಯ್ದು, ಎರಡೂ ತುದಿಗೆ ಪಟ್ಟಿ ಬೆಸೆದು, ನನ್ನನ್ನು ನಡುವೆ ಕೂರಿಸಿ ನಾಲ್ಕು ಬೋಲ್ಟು ಬಿಗಿದ. ಸ್ಟೇರಿಂಗಿನ ಪಕ್ಕ ಒಂದು ಸ್ವಿಚ್ಚು. ಕ್ಲಚ್ಚು ಅಥವಾ ಆಕ್ಸಿಲರೇಟರ್ ತುಳಿದರೆ ನಾನು ತಾನಾಗಿ ಬಿಡುವಂತೆ ಪೆಡಲುಗಳ ಕೆಳಗೂ ಒಂದೊಂದು ಪುಟ್ಟ ಸ್ವಿಚ್ಚು. ಸುಟ್ಟುಹೋಗಿದ್ದ ಬ್ರೇಕ್ ಲೈನರುಗಳನ್ನೂ ಬದಲಿಸಿದ. ಹೇಳಬೇಕಾದ ಒಂದೇ ಮಾತು ಉಳಿಯಿತು. ಎರಡನೇ ಗೇರಿನಲ್ಲಿ ಇಳಿಯುವವನಿಗೆ ಗೇರು ಬಿಡಬೇಡ ಎಂದು ಯಾರು ಹೇಳುತ್ತಾರೆ?

ಮಂಗಳವಾರ ಬೆಳಿಗ್ಗೆ ಗಡಿಗೆ ಹೇರಿಕೊಂಡು ಹೊರಟೆವು. ಸೇವಂತವ್ವ ಬಾಗಿಲಿನ ಹಿಡಿಕೆಯನ್ನು ಒಂದು ಕ್ಷಣವೂ ಬಿಡಲಿಲ್ಲ. ಕಣಕುಂಬಿ ದಾಟಿ ಇಳುಕಲು ಶುರುವಾಯಿತು. ಪುಂಡಲೀಕನ ಕೈ ಅಭ್ಯಾಸಬಲದಿಂದ ಗೇರು ತೆಗೆಯಿತು. ಆಮೇಲೆ ಹೊಸ ಸ್ವಿಚ್ಚನ್ನು ಠೀವಿಯಿಂದ ಒತ್ತಿದ.

ನಾನು ಮುಚ್ಚಿಕೊಂಡೆ. ಆದರೆ ಇಂಜಿನ್ನಿಗೂ ಚಕ್ರಕ್ಕೂ ನಡುವೆ ಸಂಬಂಧವೇ ಇಲ್ಲ. ನಾನು ಬಿಗಿದ ಬಿಗಿತ ಯಾರಿಗೆ ಮುಟ್ಟಬೇಕು? ಸುಮ್ಮನೆ ಗುರುಗುಟ್ಟುತ್ತಿದ್ದ ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಸ್ಟೇರಿಂಗು ಕಲ್ಲಾಯಿತು. ಗಾಡಿ ಮಾತ್ರ ಓಡುತ್ತಲೇ ಇತ್ತು. ನನಗೂ ಜೀವ ಬಾಯಿಗೆ ಬಂತು, ಕಾಪಾಡಲು ಬಂದವನೇ ಕುತ್ತಿಗೆ ಹಿಚುಕಿದೆನಲ್ಲ ಎಂದು. ಪುಣ್ಯಕ್ಕೆ ಇಳುಕಲಿನ ಮೊದಲ ಮಾರುಗಳಷ್ಟೇ ಆಗಿತ್ತು, ಲೈನರು ಹೊಸದಿತ್ತು. ಪುಂಡಲೀಕ ಎರಡೂ ಕಾಲಿನಲ್ಲಿ ಬ್ರೇಕು ತುಳಿದು, ಹ್ಯಾಂಡ್ ಬ್ರೇಕು ಎಳೆದು, ಮೊದಲ ತಿರುವಿನ ತಡೆಗೋಡೆಗೆ ನಾಲ್ಕು ಮಾರು ಇರುವಾಗ ಗಾಡಿ ನಿಲ್ಲಿಸಿದ.

ಸೇವಂತವ್ವ ಗೇರಿನ ಕಡ್ಡಿಯನ್ನು ನೋಡಿದಳು. ಅದು ಸಡಿಲವಾಗಿ ಅಲ್ಲಾಡುತ್ತಿತ್ತು.

"ರೀ, ನೀವು ಗೇರ್ ತಗದಿದ್ರಿ, ಹೌದಿಲ್ಲೋ?"

"ಹೂಂ," ಎಂದ ಪುಂಡಲೀಕ. ತಲೆ ಎತ್ತಲಿಲ್ಲ. "ಅವತ್ತೂ ತಗದಿದ್ದೆ. ಬ್ರೇಕಿನ ತಪ್ಪಲ್ಲ ಅದು. ನಿನ್ನ ಕೈ ನಾನ ಮುರದೆ."

ಅವಳು ಬಹಳ ಹೊತ್ತು ಕಣಿವೆಯ ಕಡೆ ನೋಡುತ್ತಾ ಕೂತಳು. ಇಳಿದು ನಡೆದೇ ಊರಿಗೆ ಹೋಗುತ್ತಾಳೇನೋ ಎಂದು ನನಗೆ ಭಯ.

"ಮೂರು ತಿಂಗಳಿಂದ ಆ ಬ್ರೇಕಿಗೆ ಬೈಯಾಕತ್ತೀನಿ ನಾ," ಎಂದಳು ಕೊನೆಗೆ. "ಬೈಸ್ಕೋಬೇಕಾದಾವ್ರು ಬಾಜೂಕ ಕುಂತು ರೊಟ್ಟಿ ತಿನ್ನಾಕತ್ತಿದ್ರಿ."

ಆಮೇಲೆ ಮೂರು ತಿಂಗಳ ಬಾಕಿಯನ್ನೆಲ್ಲ ಅಲ್ಲೇ ತೀರಿಸಿದಳು. ಅವಳ ಬೈಗುಳವನ್ನು ನಾನಿಲ್ಲಿ ಬರೆಯಲಾರೆ, ಕಬ್ಬಿಣಕ್ಕೂ ಕಿವಿ ಬಿಸಿಯಾಯಿತು. ಬೈದು ಮುಗಿದ ಮೇಲೆ ಗಾಡಿ ಚಾಲೂ ಮಾಡಲು ಹೇಳಿದಳು. ಅವನು ಎರಡನೇ ಗೇರು ಹಾಕಿದೊಡನೆ, ಮುರಿದು ಕೂಡಿದ ಬಲಗೈಯನ್ನು ಅವನ ಕೈಯ ಮೇಲೆ, ಗೇರಿನ ಮೇಲೆ ಇಟ್ಟಳು.

"ಇದು ಎರಡರಾಗ ಇರಲಿ. ನಾ ಹಿಡಕೊಂಡಿರ್ತೀನಿ."

ಅಂದು ನಾನು ಎಷ್ಟೋ ವರ್ಷಗಳ ಮೇಲೆ ನನ್ನ ಹುಟ್ಟಿನ ಕೆಲಸ ಮಾಡಿದೆ. ಬುಸ್ಸೆಂದು ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ. ತಿರುವಿನ ಮೇಲೆ ತಿರುವು, ಪಿಕಪ್ಪು ತುಂಬಿದ ಬಸುರಿಯ ಹಾಗೆ ನಿಧಾನವಾಗಿ ಇಳಿಯಿತು. ಕಾಲಿನ ಬ್ರೇಕಿಗೆ ಅಷ್ಟೇನೂ ಕೆಲಸವಿರಲಿಲ್ಲ. ಗಾಡಿ ಕೆಳಗಿನ ಬಯಲು ಮುಟ್ಟಿದಾಗ ಸೇವಂತವ್ವ ಇಳಿದು ಚಕ್ರದ ಹತ್ತಿರ ಬಗ್ಗಿ ಕೈಯೊಡ್ಡಿದಳು. ಸುಡಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ. ಅವಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಅತ್ತಳು, ಅಳುತ್ತಲೇ ನಕ್ಕಳು. ಗಾಡಿ ಮಾರುವ ಮಾತು ಮತ್ತೆ ಬರಲಿಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳುಕಲಿನಲ್ಲಿ ಇಂಜಿನ್ ಡೀಸೆಲ್ಲನ್ನೇ ಕುಡಿಯುವುದಿಲ್ಲವೆಂದು ಆಮೇಲೆ ದಾವಲಸಾಬ್ ಹೇಳಿದಾಗ ಪುಂಡಲೀಕನ ಮುಖ ನೋಡಬೇಕಿತ್ತು.

ಒಂಬತ್ತು ವರ್ಷ ಆ ಘಾಟ್ ಇಳಿದೆ. ಕೊನೆಕೊನೆಗೆ ಮಸಿ ಗಟ್ಟಿಯಾಗಿ ನನ್ನ ತಟ್ಟೆ ಅಲ್ಲಾಡದಾಯಿತು. ದಾವಲಸಾಬ್ ಎರಡು ದಿನ ಬಡಿದು, ಕಾಯಿಸಿ ನೋಡಿ, ಕೊನೆಗೆ ಹೊಸದೊಂದನ್ನು ಹಾಕಿದ. ನನ್ನನ್ನು ಗುಜರಿಗೆ ಕೊಡಲು ಸೇವಂತವ್ವ ಬಿಡಲಿಲ್ಲ. ಈಗ ನಾನು ಕುಂಬಾರರ ಪಡಸಾಲೆಯ ಕಿಟಕಿಯಲ್ಲಿದ್ದೇನೆ. ಬಿಸಿಲು ಬರುತ್ತದೆ, ಹೊಗೆಯಿಲ್ಲ, ಹಾಯಾಗಿದೆ.

ಮೊನ್ನೆ ಗಂಗಾರಾಮನೆಂಬ ತರಕಾರಿ ಗಾಡಿಯವನು ಬಂದಿದ್ದ. ಘಾಟಿನಲ್ಲಿ ತನ್ನ ಬ್ರೇಕು ಬಹಳ ಕಾಯುತ್ತದೆ, ನಿಮ್ಮದು ಯಾವ ಬ್ರೇಕು ಎಂದು ಕೇಳಿದ. ಪುಂಡಲೀಕ ಅವನನ್ನು ದಿಟ್ಟಿಸಿ, ಇಳುಕಲಿನಲ್ಲಿ ಗೇರು ತೆಗೆಯುತ್ತೀಯೇನು ಎಂದ. ಛೇ, ಇಲ್ಲ ಎಂದು ಗಂಗಾರಾಮ ತಟ್ಟನೆ ಹೇಳಿದ.

"ನಾನೂ ಹಂಗ ಅಂದಿದ್ದೆ," ಎಂದ ಪುಂಡಲೀಕ. "ಸುಳ್ಳ ಹೇಳಿದ್ದೆ. ಹೆಂಡತಿ ಕೈ ನಾನ ಮುರದು, ತಪ್ಪು ಬ್ರೇಕಿನ ಮ್ಯಾಲೆ ಹಾಕಿದ್ದೆ."

ಒಳಗೆ ಗಡಿಗೆ ತಟ್ಟುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಗಂಗಾರಾಮ ನೆಲ ನೋಡುತ್ತಾ ನಿಂತ. ನಾನು ಸಾವಿರ ಸಲ ಗಾಡಿ ತಡೆದವನು. ಆದರೆ ಒಬ್ಬ ಮನುಷ್ಯನನ್ನು ಅವನ ಸುಳ್ಳಿನ ಇಳುಕಲಿನಲ್ಲಿ ನಿಲ್ಲಿಸುವುದು ನನ್ನಂಥವರಿಂದ ಆಗುವ ಕೆಲಸವಲ್ಲ, ಅಲ್ಲಿ ಅವನೇ ನಿಲ್ಲಬೇಕು.

"ತಗೀತೀನ್ರಿ," ಎಂದ ಅವನು, ಸಣ್ಣ ದನಿಯಲ್ಲಿ.

ಪುಂಡಲೀಕ ಸರಿದು ಅವನಿಗೆ ಕೂರಲು ಜಾಗ ಮಾಡಿಕೊಟ್ಟ.